ಕತ್ತರಿಯಕ್ಕನ ಆತ್ಮವಿಚಾರ

ಕತ್ತರಿಯಕ್ಕ ಆತ್ಮವಿಚಾರಕ್ಕೆ ಬಿದ್ದದ್ದು ಒಂದು ದವಡೆ ಹಲ್ಲಿನ ದೆಸೆಯಿಂದ. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಏಳುವ ಹೊತ್ತಿಗೆ ಅವಳ ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ಕೆನ್ನೆ ಹಿಡಿದುಕೊಂಡು ಎರಡು ಮಹಡಿ ಹತ್ತಿ ಹಲ್ಲಿನ ಡಾಕ್ಟರಮ್ಮನ ಬಾಗಿಲು ತಳ್ಳಿದರೆ, ಕಾಯುವ ಕೋಣೆಯ ಕುರ್ಚಿಗಳಲ್ಲಿ ಏಳು ಜನ ಕಣ್ಣು ಮುಚ್ಚಿ ಕೂತಿದ್ದರು. ಪಾಪ, ಇವರ ನೋವಿನ ಮುಂದೆ ನನ್ನದೇನು ಎಂದುಕೊಂಡು ಅವಳು ಎಂಟನೆಯ ಕುರ್ಚಿಯಲ್ಲಿ ಸರದಿ ಕಾಯುತ್ತ ಕೂತಳು. ಅರ್ಧ ಗಂಟೆ ಕಳೆಯಿತು, ಯಾರನ್ನೂ ಒಳಗೆ ಕರೆಯಲಿಲ್ಲ. ಮುಕ್ಕಾಲು ಗಂಟೆಯಾದಾಗ ಆ ಏಳು ಜನರಲ್ಲಿ ಒಬ್ಬರು ಕಣ್ಣು ತೆರೆದರು. ನೋಡಿದರೆ ಅವರೇ ಡಾಕ್ಟರಮ್ಮ.

"ನಾನು ಹಲ್ಲು ಕೀಳೋದು ನಿಲ್ಲಿಸಿ ಎರಡು ವರ್ಷ ಆಯ್ತಲ್ಲಮ್ಮಾ," ಎಂದರು ಅವರು. "ಈಗ ಭಾನುವಾರ ಹೀಗೆ ಕೂರ್ತೀವಿ, ಅಷ್ಟೆ. ನಾನು ನಾನು ಅಂತೀವಲ್ಲ, ಆ ನಾನು ಯಾರು ಅಂತ ನೋಡ್ಕೊಳ್ಳೋಕೆ."

ಹಲ್ಲನ್ನು ಮಾರನೆಯ ದಿನ ಬೇರೆ ಕಡೆ ಕೀಳಿಸಿದ್ದಾಯಿತು. ಆದರೆ ಎಂಟನೆಯ ಕುರ್ಚಿಯನ್ನು ಕತ್ತರಿಯಕ್ಕ ಬಿಡಲಿಲ್ಲ. ಬುದ್ಧಿ ಬಂದಾಗಿನಿಂದ ಅವಳು ಕೈಯಲ್ಲಿ ಏನೂ ಹಿಡಿಯದೆ ಸುಮ್ಮನೆ ಕೂತ ಮೊದಲ ಮುಕ್ಕಾಲು ಗಂಟೆ ಅದು. ಹಲ್ಲುನೋವೊಂದನ್ನು ಬಿಟ್ಟರೆ ಬಹಳ ಹಿತವಾಗಿತ್ತು.

ಅವಳಿಗೆ ಆಗ ಐವತ್ತೆಂಟು. ತಂಗಿಗೆ ಐವತ್ತೆರಡಾದರೂ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟಿಯೇ. ಇಬ್ಬರೂ ಮದುವೆಯ ಗೋಜಿಗೆ ಹೋಗದೆ ಅಪ್ಪ ಬಿಟ್ಟುಹೋದ ಹೊಲಿಗೆ ಅಂಗಡಿಯನ್ನೇ ನೆಚ್ಚಿಕೊಂಡಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಅಕ್ಕ ಕತ್ತರಿಸಬೇಕು, ತಂಗಿ ಹೊಲಿಯಬೇಕು. ಮುಂಭಾಗದಲ್ಲಿ ಬೀದಿಗೆ ಕಾಣುವಂತೆ ಅಕ್ಕನ ಎಂಟಡಿ ಮೇಜು, ಅದರ ಮೇಲೆ ಅಳತೆ ಟೇಪು, ಸೀಮೆಸುಣ್ಣ ಮತ್ತು ಇನ್ನೊಬ್ಬರು ಮುಟ್ಟಕೂಡದ ಕತ್ತರಿ. ಹಿಂದೆ ಪರದೆಯ ಆಚೆ ತಂಗಿಯ ಮೆಷಿನ್ನು, ಇಸ್ತ್ರಿಪೆಟ್ಟಿಗೆ ಮತ್ತು ಒಂದು ಕಿಟಕಿ. ಜನ ಹೊಗಳುವುದು ಮುಂಭಾಗವನ್ನು ತಾನೆ? ಕತ್ತರಿಯಕ್ಕನ ಕೈ ತಪ್ಪಿದ್ದನ್ನು ಕಂಡವರಿಲ್ಲ ಎನ್ನುವುದು ಆ ಬೀದಿಯ ಮಾತು. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳು ಕತ್ತರಿಯಕ್ಕನೇ. ಅಪ್ಪ ಹೋದ ಮೇಲಿನ ಮೂವತ್ತೊಂದು ವರ್ಷಗಳಲ್ಲಿ ಅವಳ ಮೇಜಿನ ಮೇಲೆ ಒಂದು ಬಟ್ಟೆಯೂ ಕೆಟ್ಟಿರಲಿಲ್ಲ. ಕೆಟ್ಟದ್ದೇನಿದ್ದರೂ ಹೊಲಿಗೆಯಲ್ಲಿ ಕೆಟ್ಟದ್ದು. ಹಾಗಾದಾಗಲೆಲ್ಲ ಅವಳು ಗಿರಾಕಿಯ ಎದುರಿಗೇ ಪುಟ್ಟಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ತಂಗಿ ಎಂದು ಮುಲಾಜು ನೋಡಿದರೆ ಅಂಗಡಿಯ ಹೆಸರು ಉಳಿಯುತ್ತದೆಯೇ ಎನ್ನುವುದು ಅವಳ ವಾದ.

ಆತ್ಮವಿಚಾರಕ್ಕೂ ಅವಳು ಇದೇ ಗತ್ತಿನಿಂದ ಇಳಿದಳು. ಡಾಕ್ಟರಮ್ಮ ಹೇಳಿಕೊಟ್ಟದ್ದು ತೀರ ಸರಳ. "ಯಾವ ಯೋಚನೆ ಬಂದ್ರೂ ಇದು ಯಾರಿಗೆ ಬಂತು ಅಂತ ಕೇಳ್ಕೊಳ್ಳಿ. ನನಗೆ ಅಂತ ಒಳಗಿಂದ ಬರುತ್ತೆ. ಆ ನಾನು ಯಾರು ಅಂತ ತಿರುಗಿ ನೋಡಿ. ಉತ್ತರ ಹೇಳೋಕೆ ಹೋಗ್ಬೇಡಿ, ಇದೇನು ಪರೀಕ್ಷೆ ಅಲ್ಲ. ನಲವತ್ತು ವರ್ಷ ಬಾಯಿ ನೋಡಿದವಳು ಹೇಳ್ತೀನಿ ಕೇಳಿ. ರೋಗಿ ತೋರಿಸೋ ಹಲ್ಲು ಒಂದು, ನೋವಿರೋ ಹಲ್ಲು ಇನ್ನೊಂದು. ಇದೇ ನೋಯ್ತಿರೋದು ಅಂತ ಆಣೆ ಮಾಡ್ತಾರೆ. ಅವರ ಮಾತು ನಂಬದೆ ಒಂದೊಂದನ್ನೇ ತಟ್ಟಿ ನೋಡ್ಬೇಕು."

ಪರೀಕ್ಷೆ ಅಲ್ಲವೆಂದರೂ ಕತ್ತರಿಯಕ್ಕ ಕಣ್ಣಿಟ್ಟದ್ದು ಮೊದಲನೇ ಸ್ಥಾನಕ್ಕೆ. ಬೆಳಿಗ್ಗೆ ಐದೂವರೆಗೆ ಎದ್ದು ಗೋಡೆಗೂ ಒರಗದೆ ಕೂರುತ್ತಿದ್ದಳು. ಬೀದಿಯಲ್ಲಿ ಸೈಕಲ್ ಗಂಟೆ ಕೇಳಿದರೆ, ಕೇಳಿದ್ದು ಯಾರಿಗೆ? ಮೊಣಕಾಲು ಜುಮುಗುಟ್ಟಿದರೆ, ಜುಮುಗುಟ್ಟಿದ್ದು ಯಾರಿಗೆ? ಟೀ ಆರಿಹೋಗ್ತಿದೆ ಬಾ ಎಂದು ಪುಟ್ಟಿ ಅಡುಗೆಮನೆಯಿಂದ ಕರೆದರೆ, ಕರೆದದ್ದು ಯಾರನ್ನು?

"ಯಾರು ಬೇಕಾದ್ರೂ ಬಂದು ಕುಡೀರಿ," ಎನ್ನುತ್ತಿದ್ದಳು ಪುಟ್ಟಿ. "ಕುಡಿದವರು ಲೋಟ ತೊಳೆದಿಟ್ರೆ ಸಾಕು."

ಮೂರು ತಿಂಗಳಾದ ಮೇಲೆ ಕತ್ತರಿಯಕ್ಕ ಡಾಕ್ಟರಮ್ಮನಿಗೆ ವರದಿ ಒಪ್ಪಿಸಿದಳು. "ಡಾಕ್ಟ್ರೇ, ಮೈ ನಾನಲ್ಲ. ಹೆಸರು ನಾನಲ್ಲ. ಕೋಪ, ನೆನಪು, ಯೋಚನೆ, ಇದ್ಯಾವುದೂ ನಾನಲ್ಲ. ಎಲ್ಲಾ ಕತ್ತರಿಸಿ ಹಾಕಿದೀನಿ."

"ಕತ್ತರಿಸಿದ್ದು ಯಾರು?" ಎಂದು ಕೇಳಿ ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು.

ಕತ್ತರಿಯಕ್ಕನಿಗೆ ಇದು ಇಡೀ ವಾರ ಚುಚ್ಚಿತು. ಕೋಪ ನಾನಲ್ಲ ಎಂದು ಹೇಳಿ ಬಂದ ದಿನವೇ ದಾರದ ಬಣ್ಣ ಒಂದು ಎಳೆ ಆಚೀಚೆಯಾಯಿತೆಂದು ಪುಟ್ಟಿಯ ಮೇಲೆ ಹರಿಹಾಯ್ದಳು. ಆಮೇಲೆ, ಹರಿಹಾಯ್ದದ್ದು ಯಾರು ಎಂದು ಕೇಳಿಕೊಂಡು ಸಮಾಧಾನ ಮಾಡಿಕೊಂಡಳು. ಬೈಸಿಕೊಂಡದ್ದು ಯಾರು ಎಂದು ಕೇಳಲು ಅವಳಿಗೆ ಹೊಳೆಯಲಿಲ್ಲ.

ಹೀಗಿರುವಾಗ ಬೇಕರಿಯವನು ಒಂದು ಬಟ್ಟೆ ತಂದ. ಐವತ್ತು ದಾಟಿದ ದಪ್ಪ ಮನುಷ್ಯ, ಯಾವಾಗ ನೋಡಿದರೂ ಹುಬ್ಬಿನ ಮೇಲೆ ಮೈದಾಹಿಟ್ಟು. ಅಂದು ಕೈ ತೊಳೆದುಕೊಂಡು ಬಂದಿದ್ದ. ಕಾಗದ ಬಿಚ್ಚಿದರೆ ಒಳಗೆ ಕಡುನೀಲಿ ಉಣ್ಣೆ ಬಟ್ಟೆ.

"ನಮ್ಮಮ್ಮ ನೇಯ್ದಿದ್ದು ಅಕ್ಕಾ. ಕಣ್ಣು ಹೋಗೋಕೆ ಮುಂಚೆ ಮಗ್ಗದಿಂದ ಇಳಿಸಿದ ಕೊನೇ ಬಟ್ಟೆ. ಮುಂದಿನ ವಾರ ಗುರುವಾರ ಅವಳಿಗೆ ತೊಂಬತ್ತು ತುಂಬುತ್ತೆ. ಇದರಲ್ಲಿ ಕೋಟು ಹೊಲಿಸಿ ಹಾಕ್ಕೊಂಡು ಬಾ, ಮುಟ್ಟಿ ನೋಡ್ತೀನಿ ಅಂದಿದಾಳೆ. ಇಷ್ಟೇ ಇರೋದು. ಸಾಲುತ್ತಾ?"

ಕತ್ತರಿಯಕ್ಕ ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು. ಒಂದು ಮಗ್ಗುಲು ಬೆಣ್ಣೆಯ ಹಾಗೆ ನುಣುಪು, ಇನ್ನೊಂದು ಒರಟು. ಅಗಲ ಬಹಳ ಕಡಿಮೆ. ಬೇಕರಿಯವನ ಹೊಟ್ಟೆಯ ಸುತ್ತಳತೆಯನ್ನು ಮನಸ್ಸಿನಲ್ಲೇ ಕೂಡಿ ಕಳೆದು, "ಸಾಲುತ್ತೆ," ಎಂದಳು. "ಅಂಗೈಯಗಲ ಉಳಿಯೋದಿಲ್ಲ, ಆದ್ರೆ ಸಾಲುತ್ತೆ. ಹಿಂದಿನ ದಿನ, ಬುಧವಾರ ಸಂಜೆ ನಾವೇ ತಂದು ಕೊಡ್ತೀವಿ."

"ನಿಮ್ಮ ಕೈ ಅಂದ್ಮೇಲೆ ಕೇಳೋ ಹಾಗಿಲ್ಲ ಬಿಡಿ," ಎಂದು ಬೇಕರಿಯವನು ನೆಮ್ಮದಿಯಿಂದ ಹೋದ.

ಇಲ್ಲಿ ಕಸುಬಿನ ಒಂದು ಸಂಗತಿ ಹೇಳಬೇಕು. ಮಾಮೂಲಿ ಬಟ್ಟೆಯನ್ನು ಎರಡು ಪದರ ಮಡಿಸಿ ಒಂದೇ ಏಟಿಗೆ ಎರಡೂ ತೋಳು ಕತ್ತರಿಸುತ್ತಾರೆ. ಆಗ ಒಂದು ಬಲಗೈಗೆ, ಇನ್ನೊಂದು ಎಡಗೈಗೆ ತಾನಾಗಿ ಹೊಂದಿಕೊಳ್ಳುತ್ತದೆ. ಅಗಲ ಕಡಿಮೆಯಿದ್ದರೆ ಮಡಿಸಲು ಬರುವುದಿಲ್ಲ. ಒಂದೇ ಪದರದ ಮೇಲೆ ಮಾದರಿಯ ಕಾಗದ ಇಟ್ಟು ಒಂದು ತೋಳು ಕತ್ತರಿಸಬೇಕು. ಆಮೇಲೆ ಕಾಗದವನ್ನು ಮಗುಚಿ ಹಾಕಿ ಎರಡನೆಯದನ್ನು ಕತ್ತರಿಸಬೇಕು. ಮಗುಚದಿದ್ದರೆ ಎರಡೂ ಒಂದೇ ಕೈಯ ತೋಳುಗಳಾಗುತ್ತವೆ; ನುಣುಪು ಮಗ್ಗುಲು ಹೊರಗೇ ಬರಬೇಕಾದ್ದರಿಂದ ತಿರುಗಿಸಿ ಹೊಲಿಯಲೂ ಆಗದು. ಇದು ಕಸುಬು ಕಲಿಯುವವರ ಮೊದಲ ವಾರದ ಪಾಠ.

ಆ ವಾರವೇ ಗುರುವಾರ ಬೆಳಿಗ್ಗೆ ಕತ್ತರಿಯಕ್ಕ ಬಟ್ಟೆ ಹಾಸಿದಳು. ಬಿಸಿಲು ಮೇಜಿನ ಮೇಲೆ ಅರ್ಧದವರೆಗೆ ಬಂದಿತ್ತು. ಕತ್ತರಿ ಎತ್ತಿಕೊಂಡಳೋ ಇಲ್ಲವೋ, ಡಾಕ್ಟರಮ್ಮನ ಪ್ರಶ್ನೆ ತಲೆ ಎತ್ತಿತು. ಕತ್ತರಿಸುತ್ತಿರುವುದು ಯಾರು? ಎಂದೂ ಇಲ್ಲದ ಹಾಗೆ ಅಂದು ಪ್ರಶ್ನೆ ಗಟ್ಟಿಯಾಗಿ ಹಿಡಿಯಿತು. ಬೀದಿಯ ಸದ್ದೆಲ್ಲ ದೂರವಾಯಿತು. ಕತ್ತರಿ ತಾನೇ ನಡೆಯುವಂತೆ ನೀಲಿಯ ಮೇಲೆ ಕರಕರ ಎಂದು ಸಾಗಿತು. ಬೆನ್ನು, ಎದೆಯ ಎರಡು ಭಾಗ, ಒಂದು ತೋಳು, ಇನ್ನೊಂದು ತೋಳು. ಮುಗಿದಾಗ ಅವಳ ಕಣ್ಣಲ್ಲಿ ನೀರಿತ್ತು. ಇವತ್ತು ನಾನು ಅನ್ನೋದೇ ಇಲ್ಲದೆ ಕತ್ತರಿ ಆಡಿತು ಎಂದುಕೊಂಡಳು. ಹಾಗೆ ಅಂದುಕೊಂಡದ್ದು ಯಾರು ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ತುಂಡುಗಳನ್ನು ಕಟ್ಟಿ ಪರದೆಯ ಆಚೆಗೆ ದಾಟಿಸಿ, ದಿನವೆಲ್ಲ ಗಿರಾಕಿಗಳೊಂದಿಗೆ ಇಲ್ಲದ ನಯದಿಂದ ಮಾತಾಡಿದಳು. ಏನೋ ಆಗಿದೆ ಎಂದು ಗಿರಾಕಿಗಳಿಗೇ ಗಾಬರಿಯಾಯಿತು.

ಶುಕ್ರವಾರ ಹತ್ತು ಗಂಟೆಗೆ ಮೆಷಿನ್ನಿನ ಸದ್ದು ನಿಂತಿತು. ಕಾಲು ಗಂಟೆಯಾದರೂ ಮತ್ತೆ ಶುರುವಾಗಲಿಲ್ಲ. ಆಮೇಲೆ ಪರದೆಯ ಆಚೆಯಿಂದ ಪುಟ್ಟಿಯ ದನಿ, ಏನೂ ಆಗಿಲ್ಲವೆಂಬಂತೆ: "ಅಕ್ಕಾ, ಈ ನೀಲಿ ಬಟ್ಟೆ ಇನ್ನೇನಾದ್ರೂ ಉಳಿದಿದೆಯಾ?"

"ಎಲ್ಲಿ ಉಳಿಯುತ್ತೆ? ಯಾಕೆ?"

"ಏನಿಲ್ಲ. ಒಂದು ತೋಳು ಇಸ್ತ್ರಿ ಮಾಡುವಾಗ ಸುಟ್ಟುಬಿಟ್ಟೆ."

ಕತ್ತರಿಯಕ್ಕನ ಶಾಂತಿ ಅಲ್ಲಿಗೆ ಮುಗಿಯಿತು. ಪರದೆ ಸರಿಸಿ ಒಳಗೆ ನುಗ್ಗಿದಳು. "ಸುಟ್ಟೆಯಾ? ಆ ಅಜ್ಜಿ ಕಣ್ಣು ಹೋಗೋ ಮುಂಚೆ ನೇಯ್ದ ಕೊನೇ ಬಟ್ಟೆ ಕಣೇ ಅದು. ಮೈಮೇಲೆ ಜ್ಞಾನ ಇದೆಯಾ ನಿನಗೆ? ಎಲ್ಲಿ, ತೋರಿಸು."

ಪುಟ್ಟಿ ತೋಳುಗಳನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡಿದ್ದಳು. "ನೋಡಿ ಏನ್ಮಾಡ್ತೀಯ? ನಾನು ಏನಾದ್ರೂ ಮಾಡ್ತೀನಿ, ಹೋಗು."

ಕತ್ತರಿಯಕ್ಕ ಕೇಳಲಿಲ್ಲ, ಕಿತ್ತುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದಳು. ಸುಟ್ಟ ಕಲೆ ಎಲ್ಲಿಯೂ ಇರಲಿಲ್ಲ. ಒಂದರ ಮೇಲೊಂದು ಇಟ್ಟಳು. ನುಣುಪು ಮಗ್ಗುಲು ಮೇಲೆ ಮಾಡಿ ಇಟ್ಟರೆ ಎರಡೂ ಅಂಚಿಗೆ ಅಂಚು ಸರಿಯಾಗಿ ಕೂತವು. ಎರಡೂ ಬಲಗೈಯವು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬಟ್ಟೆಯ ಸಂಗತಿಯೂ ಅಷ್ಟೇ. ಆದರೂ ಕತ್ತರಿಯಕ್ಕ ಐದು ನಿಮಿಷ ಹೋರಾಡಿದಳು. ಮಾದರಿ ಕಾಗದ ಹಳೆಯದಾಗಿತ್ತು ಎಂದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದಳು. ಕೈಮಗ್ಗದ ಬಟ್ಟೆಗೆ ಮಗ್ಗುಲೇ ಗೊತ್ತಾಗುವುದಿಲ್ಲ ಎಂದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪುಟ್ಟಿ ಎಲ್ಲಕ್ಕೂ ಹೂಂ ಹೂಂ ಎನ್ನುತ್ತಿದ್ದಳು. ಕೊನೆಗೆ ಕತ್ತರಿಯಕ್ಕನಿಗೇ ಒಂದು ಪ್ರಶ್ನೆ ಬಂತು.

"ಅಲ್ಲ ಕಣೇ, ಸುಟ್ಟೆ ಅಂತ ಯಾಕೆ ಅಂದೆ?"

"ಅಭ್ಯಾಸ," ಎಂದಳು ಪುಟ್ಟಿ. ಅಂದ ಮೇಲೆ ಅನ್ನಬಾರದಿತ್ತು ಎಂಬಂತೆ ಸೂಜಿಗೆ ದಾರ ಪೋಣಿಸಲು ಕೂತಳು.

"ಅಭ್ಯಾಸ ಅಂದ್ರೆ?"

ಪುಟ್ಟಿ ದಾರದ ತುದಿ ಬಾಯಲ್ಲಿಟ್ಟು ಒದ್ದೆ ಮಾಡಿದಳು, ತಡ ಮಾಡಿದಳು, ಕೊನೆಗೆ ಹೇಳಿದಳು. ವಕೀಲರ ಕೋಟಿನ ಕಾಲರು ಒಂದು ಬೆರಳು ಗಿಡ್ಡವಾಗಿತ್ತು. ಹೆಡ್‌ಮಾಸ್ಟರ ಪ್ಯಾಂಟಿನ ಒಂದು ಕಾಲಿಗೆ ಹೂವಿನ ವಿನ್ಯಾಸ ತಲೆಕೆಳಗಾಗಿತ್ತು. ಹೆಡ್‌ಮಾಸ್ಟರಿಗೆ ಹೂವಿನ ಪ್ಯಾಂಟು ಯಾಕೆ ಬೇಕಿತ್ತೋ, ಅದು ನಾಟಕಕ್ಕಂತೆ. ನರ್ಸಮ್ಮನ ಬೂದು ಸ್ಕರ್ಟು ಸೊಂಟದಲ್ಲಿ ನಾಲ್ಕು ಇಂಚು ಸಾಲದೆ ಬಂದಿತ್ತು. ಹೀಗೆ ಎಲ್ಲ ಸೇರಿ ಅಕ್ಕನ ಕತ್ತರಿ ತಪ್ಪಿದ್ದು ಹನ್ನೊಂದು ಸಲ. ಪ್ರತಿಸಲವೂ ಪುಟ್ಟಿ ಒಳಗಿಂದ ತೇಪೆ ಕೊಟ್ಟು, ಪಟ್ಟಿ ಸೇರಿಸಿ, ಹೇಗೋ ಸರಿಮಾಡಿದ್ದಳು. ತೇಪೆ ಗಿರಾಕಿಯ ಕಣ್ಣಿಗೋ ಅಕ್ಕನ ಕಣ್ಣಿಗೋ ಬಿದ್ದಾಗ, ನನ್ನ ಹೊಲಿಗೆ ಎಡವಟ್ಟಾಯ್ತು ಎನ್ನುತ್ತಿದ್ದಳು.

ಕತ್ತರಿಯಕ್ಕ ಹಾಗೆಯೇ ಇಸ್ತ್ರಿ ಮೇಜಿನ ಅಂಚಿಗೆ ಕೂತುಬಿಟ್ಟಳು. ಆ ಹನ್ನೊಂದೂ ಅವಳಿಗೆ ನೆನಪಿದ್ದವು, ಪುಟ್ಟಿಯ ತಪ್ಪುಗಳೆಂದು. ಹನ್ನೊಂದು ಸಲವೂ ಬೈದಿದ್ದಳು.

"ಯಾಕೆ ಹಾಗೆ ಮಾಡ್ದೆ?"

"ಮೊದಲನೇ ಸಲ ಅಪ್ಪ ಹೋಗಿ ಆರು ತಿಂಗಳಾಗಿತ್ತು. ಹೊಲಿಗೆ ತಪ್ಪಿದ್ರೆ ಬಿಚ್ಚಿ ಹೊಲೀತಾರೆ ಅಂತ ಜನ ಸುಮ್ಮನಾಗ್ತಾರೆ. ಕತ್ತರಿಸೋ ಕೈ ತಪ್ಪುತ್ತೆ ಅಂದ್ರೆ ಯಾರು ಬಟ್ಟೆ ತರ್ತಾರೆ? ಅದಕ್ಕೆ ಅಂದೆ. ಆಮೇಲೆ ರೂಢಿ ಆಗೋಯ್ತು. ನಿನಗೂ ಆ ಹೆಸರು ಬೇಕಾಗಿತ್ತು."

"ನಿನಗೆ ಬೇಕಿರಲಿಲ್ವಾ?"

"ಬೇಕಿರಲಿಲ್ಲ ಅಂತ ಯಾರು ಹೇಳಿದ್ದು?" ಪುಟ್ಟಿ ಈಗ ತಲೆಯೆತ್ತಿ ನೋಡಿದಳು. "ನರ್ಸಮ್ಮನ ಮುಂದೆ ನೀನು ಅಂದೆಯಲ್ಲ, ಇವಳದು ಕೈಯಲ್ಲ ಕಾಲು ಅಂತ. ಆವತ್ತು ಮಹಡಿ ಮೇಲೆ ಹೋಗಿ ಅತ್ತಿದ್ದೆ. ನೀನು ಕೆಳಗಡೆ ನಗ್ತಾ ಇದ್ದೆ."

ಕತ್ತರಿಯಕ್ಕ ಎದ್ದು ಮಹಡಿಗೆ ಹೋದಳು. ದಿನಾ ಕೂರುವ ಜಾಗದಲ್ಲಿ ಕೂತಳು. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಗಿತ್ತು. ಈ ನಾಚಿಕೆ ಯಾರಿಗೆ? ಎಂದೂ ಕೈ ತಪ್ಪದ ಕತ್ತರಿಯಕ್ಕನಿಗೆ. ಆ ಕತ್ತರಿಯಕ್ಕ ಯಾರು? ಹುಡುಕಿದಳು. ಇಷ್ಟು ದಿನ ಮೈಯನ್ನು, ಹೆಸರನ್ನು, ಕೋಪವನ್ನು ಎಲ್ಲ ತಟ್ಟಿ ನೋಡಿದವಳು ಇವಳೊಬ್ಬಳನ್ನು ಮಾತ್ರ ತಟ್ಟಿರಲಿಲ್ಲ. ಈಗ ತಟ್ಟಿದರೆ ಅಲ್ಲಿ ಆಸಾಮಿಯೇ ಇಲ್ಲ. ಅಂಥವಳು ಯಾವತ್ತೂ ಇರಲಿಲ್ಲ. ಪುಟ್ಟಿ ಹನ್ನೊಂದು ಸಲ ಸೂಜಿ ಹಾಕಿ, ಒಳಗಿಂದ ತೇಪೆ ಕೊಟ್ಟು, ಮೂವತ್ತೊಂದು ವರ್ಷ ನಿಲ್ಲಿಸಿಟ್ಟಿದ್ದ ಹೆಂಗಸು ಅದು. ಕತ್ತರಿಯಕ್ಕನಿಗೆ ಮೊದಲು ಅಳು ಬಂತು. ಅದರ ಬೆನ್ನಿಗೇ ನಗು ಬಂತು, ತಡೆಯಲಾಗದ ಹಾಗೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಷ್ಟು ಹಗುರಾಗಿ ಅವಳು ಯಾವತ್ತೂ ಕೂತಿರಲಿಲ್ಲ.

ಹಗುರವಾದದ್ದು ಒಳ್ಳೆಯದೇ. ಆದರೆ ಮನಸ್ಸೆಂಬುದು ಭಾರಿ ಕಿಲಾಡಿ, ಮುಂಬಾಗಿಲಿಂದ ಓಡಿಸಿದರೆ ಹಿತ್ತಲಿಂದ ಬರುತ್ತದೆ. ಕೆಳಗಿಳಿದು ಬಂದವಳೇ ಕತ್ತರಿಯಕ್ಕ, "ಪುಟ್ಟೀ, ತಪ್ಪು ಮಾಡಿದವಳು ಅಂತ ಯಾರೂ ಇಲ್ಲ ಕಣೇ. ಹುಡುಕಿದ್ರೆ ಸಿಗೋದೇ ಇಲ್ಲ," ಎಂದಳು.

"ಹಾಗಾದ್ರೆ ಬೇಕರಿಯವರಿಗೆ ಹಾಗೇ ಹೇಳೋಣ. ನಿಮ್ಮ ಕೋಟನ್ನ ಯಾರೂ ಕೆಡಿಸಲಿಲ್ಲ, ಅದಕ್ಕೆ ಎಡಗೈ ಇಲ್ಲ, ಅಂತ."

ಇಬ್ಬರೂ ತುಂಡುಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಎದೆಯ ಒಳಬದಿಗೆಂದು ಇಟ್ಟಿದ್ದ ನೀಲಿ ಪಟ್ಟಿಯನ್ನು ತೆಗೆದು, ಅಲ್ಲಿಗೆ ಬೇರೆ ಬಟ್ಟೆ ಕೊಟ್ಟರೆ ಯಾರಿಗೂ ಕಾಣದು. ಆ ಪಟ್ಟಿಯನ್ನು ಹಾಳಾದ ತೋಳಿನ ತುಂಡುಗಳಿಗೆ ಸೇರಿಸಿದರೆ ಹೇಗೋ ಒಂದು ಎಡತೋಳು ಹುಟ್ಟುತ್ತದೆ. ಒಂದೇ ತೊಂದರೆ. ಕಂಕುಳಿನಿಂದ ಮೊಣಕೈವರೆಗೆ ಇರಬಾರದ ಕಡೆ ಒಂದು ಸೇರಿಕೆಯ ಹೊಲಿಗೆ ಬರುತ್ತದೆ. ಪುಟ್ಟಿ ಹೊಲಿದರೆ ಕಣ್ಣಿಗೆ ಕಾಣದು. ಬೆರಳಿಗೆ? ಇಬ್ಬರಿಗೂ ಆ ಅಜ್ಜಿಯ ನೆನಪಾಯಿತು.

"ಈ ಸಲವೂ ಇಸ್ತ್ರಿ ಅಂತಲೇ ಹೇಳ್ತೀನಿ ಬಿಡು," ಎಂದಳು ಪುಟ್ಟಿ. ಕತ್ತರಿಯಕ್ಕ ಬೇಡ ಎನ್ನಬೇಕಿತ್ತು. ಅನ್ನಲಿಲ್ಲ.

ಭಾನುವಾರ ಡಾಕ್ಟರಮ್ಮನ ಬಳಿ ಎಲ್ಲವನ್ನೂ ಹೇಳಿದಳು. ಎರಡು ಬಲತೋಳು, ಹನ್ನೊಂದು ತಪ್ಪು, ಮಹಡಿಯ ಮೇಲಿನ ನಗು. ಡಾಕ್ಟರಮ್ಮ ತಲೆದೂಗುತ್ತ ಕೇಳಿಸಿಕೊಂಡು, "ಚೆನ್ನಾಗಿದೆ. ಕೋಟಿನವರಿಗೆ ಹೇಳಿದ್ರಾ?" ಎಂದರು.

"ಇನ್ನೂ ಇಲ್ಲ."

"ಹೇ‌ಳೋಕೆ ಯಾರು ಬಿಡ್ತಿಲ್ಲ?"

ಕತ್ತರಿಯಕ್ಕ ಎಂದಿನಂತೆ ಕಣ್ಣು ಮುಚ್ಚಿ ಕೂರಲು ಹೊರಟಳು. ಡಾಕ್ಟರಮ್ಮ ನಕ್ಕರು. "ಹಲ್ಲು ಮುರಿದಿದೆ, ಬೇರು ಒಳಗೇ ಇದೆ. ಕೂತಲ್ಲೇ ಕಿತ್ತುಹಾಕಕ್ಕೆ ಆಗಲ್ಲ ಅದನ್ನ. ಹೋಗಿ ಹೇಳಿ. ಹೇಳುವಾಗ ನೋಡ್ಕೊಳ್ಳಿ, ಎಲ್ಲಿ ನೋಯುತ್ತೆ ಅಂತ."

ಬುಧವಾರ ಸಂಜೆ ಇಬ್ಬರೂ ಕೋಟನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಬೇಕರಿಯ ಮೇಲಿನ ಮನೆಗೆ ಹೋದರು. ಮೆಟ್ಟಿಲ ತುಂಬ ಬ್ರೆಡ್ಡಿನ ವಾಸನೆ. ಅಜ್ಜಿ ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿದ್ದಳು. ಬೇಕರಿಯವನು ಕೋಟು ತೊಟ್ಟು ಅವಳ ಮುಂದೆ ಮಂಡಿಯೂರಿದ. ಅಜ್ಜಿಯ ಬೆರಳುಗಳು ಅವನ ಎದೆಯಿಂದ ಶುರುವಾಗಿ ಕಾಲರಿಗೆ ಹತ್ತಿ, ಭುಜಕ್ಕೆ ಇಳಿದು, ಬಲತೋಳಿನ ಉದ್ದಕ್ಕೂ ಜಾರಿದವು. ಆಮೇಲೆ ಎಡತೋಳು. ಕಂಕುಳಿನ ಕೆಳಗೆ ಅಜ್ಜಿಯ ಬೆರಳು ನಿಂತಿತು, ಹಿಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು.

"ಇಲ್ಲಿ ಸೇರಿಸಿದಾರೆ," ಎಂದಳು ಅಜ್ಜಿ. "ನಾನು ನೇಯ್ದ ಬಟ್ಟೇಲಿ ಇಲ್ಲಿ ಯಾಕೆ ಸೇರಿಕೆ ಬಂತು?"

"ಅದು ಅಜ್ಜಿ, ನಾನು ಇಸ್ತ್ರಿ ಮಾಡುವಾಗ..." ಎಂದು ಪುಟ್ಟಿ ಶುರುಮಾಡಿದಳು.

"ಇಲ್ಲಜ್ಜಿ," ಎಂದಳು ಕತ್ತರಿಯಕ್ಕ. "ನಾನು ತಪ್ಪು ಕತ್ತರಿಸಿದೆ. ಎರಡು ತೋಳನ್ನೂ ಬಲಗೈಗೇ ಕತ್ತರಿಸಿಬಿಟ್ಟೆ. ಇವಳು ನನ್ನ ತಂಗಿ. ಮೂರು ದಿನ ಕೂತು ತುಂಡಿಗೆ ತುಂಡು ಸೇರಿಸಿ ಸರಿ ಮಾಡಿದಾಳೆ."

ಬೇಕರಿಯವನು ಬಾಯಿ ತೆರೆದು ಕತ್ತರಿಯಕ್ಕನನ್ನೇ ನೋಡಿದ. ಅಜ್ಜಿಗೆ ಸಿಟ್ಟು ಬಂತು. ನಾಳೆ ತೊಂಬತ್ತು ತುಂಬುತ್ತದೆಂಬ ಮಾತ್ರಕ್ಕೆ ಸಿಟ್ಟು ಬರಬಾರದೆಂದು ಎಲ್ಲಿದೆ?

"ಎರಡೂ ಬಲಗೈಗೆ? ಕಣ್ಣು ಹೋಗಿರೋದು ನನಗಾ, ನಿನಗಾ? ಮೂರು ತಿಂಗಳು ನೇಯ್ದಿದೀನಿ ಇದನ್ನ. ಕತ್ತರಿ ಹಿಡಿದಾಗ ಮನಸ್ಸು ಎಲ್ಲಿಟ್ಟಿದ್ದೆ?"

"ನಾನು ಬಹಳ ದೊಡ್ಡವಳು ಅಂದ್ಕೊಂಡಿದ್ದೆ ಅಜ್ಜಿ. ಅಲ್ಲಿಟ್ಟಿದ್ದೆ."

ಅಜ್ಜಿ ಇನ್ನೂ ನಾಲ್ಕು ಮಾತು ಬೈದಳು. ಕತ್ತರಿಯಕ್ಕ ಪ್ರತಿಯೊಂದನ್ನೂ ನಿಂತು ಕೇಳಿದಳು. ನೋವಾಯಿತು, ಇಲ್ಲವೆನ್ನುವ ಹಾಗಿಲ್ಲ. ಆದರೆ ನೋವು ಬಂದ ದಾರಿಯಲ್ಲೇ ಹೊರಟುಹೋಗುತ್ತಿತ್ತು, ಹಿಡಿದು ಕೂರಿಸಿಕೊಳ್ಳುವವರು ಯಾರೂ ಇರಲಿಲ್ಲ. ಸಿಟ್ಟು ಇಳಿದ ಮೇಲೆ ಅಜ್ಜಿ ಕೈ ಚಾಚಿ, "ಎಲ್ಲಿ ಆ ತಂಗಿ? ಬೆರಳು ಕೊಡಮ್ಮಾ ಇಲ್ಲಿ," ಎಂದಳು. ಪುಟ್ಟಿಯ ಬೆರಳುಗಳನ್ನು, ಸೂಜಿ ಚುಚ್ಚಿ ಗಟ್ಟಿಯಾದ ತುದಿಗಳನ್ನು, ಒಂದೊಂದಾಗಿ ಸವರಿದಳು. "ಎಳೆಗೆ ಎಳೆ ಹೊಂದಿಸಿದೀಯ. ನಾನು ನೇಯ್ದವಳಲ್ದೆ ಇದ್ದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ. ಯಾರ ಹತ್ರ ಕಲಿತೆ?" ಪುಟ್ಟಿ ಅಪ್ಪನ ಹೆಸರು ಹೇಳಿದಳು. ಮೂವತ್ತೊಂದು ವರ್ಷಗಳಲ್ಲಿ ಅವಳ ಕೈಯನ್ನು ಹೊರಗಿನವರು ಹೊಗಳಿದ್ದು ಅದೇ ಮೊದಲು. ಕತ್ತರಿಯಕ್ಕ ಬಾಗಿಲ ಬಳಿ, ಯಾರ ಗಮನಕ್ಕೂ ಬಾರದೆ, ಖಾಲಿ ಕೈಯಲ್ಲಿ ನಿಂತಿದ್ದಳು. ಅಲ್ಲಿ ನಿಲ್ಲುವುದು ಅವಳಿಗೆ ಹಿತವಾಗಿತ್ತು.

ಕೆಳಗಿಳಿದು ಬೀದಿಗೆ ಬಂದ ಮೇಲೆ ಅಕ್ಕ ಮನೆಯ ಕಡೆ ತಿರುಗದೆ ನಿಂತಳು. "ನರ್ಸಮ್ಮನ ಮನೆ ಯಾವ ಕಡೆ?"

"ಯಾಕೆ? ಆ ಹಳ್ಳದ ಸೇತುವೆ ದಾಟಿದ್ರೆ ಎರಡನೇದು."

"ನಡಿ."

"ಅಕ್ಕಾ, ಆರು ವರ್ಷ ಆಯ್ತು."

"ಆಗ್ಲಿ, ನಡಿ."

ದಾರಿಯುದ್ದಕ್ಕೂ ಕತ್ತರಿಯಕ್ಕ ಹೇಳಬೇಕಾದ ಮಾತನ್ನು ಹೊಂದಿಸಿಕೊಂಡಳು. ನರ್ಸಮ್ಮ ಬಾಗಿಲು ತೆರೆದಳು. ಡ್ಯೂಟಿಯಿಂದ ಆಗತಾನೆ ಬಂದವಳು, ಕೈಯಲ್ಲಿ ಒಗೆಯಲು ಹಾಕುವ ಬಟ್ಟೆಯ ಕಂತೆ. ಕತ್ತರಿಯಕ್ಕ ಮೆಟ್ಟಿಲ ಮೇಲೆಯೇ ನಿಂತು, ಒಂದೇ ಉಸಿರಿಗೆ, "ನಿಮ್ಮ ಬೂದು ಸ್ಕರ್ಟು ಸೊಂಟಕ್ಕೆ ಬಿಗಿಯಾಗಿತ್ತಲ್ಲ, ಅದು ನನ್ನ ತಂಗಿ ತಪ್ಪಲ್ಲ, ನಾನೇ ನಾಲ್ಕು ಇಂಚು ಕಡಿಮೆ ಕತ್ತರಿಸಿದ್ದು. ಅವತ್ತು ನಿಮ್ಮ ಮುಂದೆ ಅವಳನ್ನ ಬೈದಿದ್ದೂ ತಪ್ಪು," ಎಂದಳು.

ನರ್ಸಮ್ಮ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. "ಯಾವ ಸ್ಕರ್ಟು ಅಕ್ಕಾ?"

"ಬೂದು ಬಣ್ಣದ್ದು. ಆರು ವರ್ಷದ ಹಿಂದೆ."

"ನನಗೆ ನೆನಪೇ ಇಲ್ವಲ್ಲ. ಬೂದು ಸ್ಕರ್ಟು ಇತ್ತಾ ನನ್ನ ಹತ್ರ?"

ಯಾರ ಕಣ್ಣಲ್ಲಿ ಚಿಕ್ಕವಳಾದೇನು ಎಂದು ಕತ್ತರಿಯಕ್ಕ ಇಷ್ಟು ವರ್ಷ ಹೆದರಿದ್ದಳೋ ಅವರಿಗೆ ಬಟ್ಟೆಯೇ ನೆನಪಿರಲಿಲ್ಲ.

"ನನಗೆ ನೆನಪಿದೆ," ಎಂದಳು ಹಿಂದಿನಿಂದ ಪುಟ್ಟಿ, ಮೆಲ್ಲಗೆ.

ಕತ್ತರಿಯಕ್ಕ ತಿರುಗಿದಳು. ಬಾಗಿಲಿಗೆ ಬೆನ್ನು ಹಾಕಿ, ಒಂದು ಮೆಟ್ಟಿಲು ಕೆಳಗೆ ನಿಂತಿದ್ದ ತಂಗಿಯ ಮುಖವನ್ನು ನೋಡಿದಳು. ಹೊಂದಿಸಿಕೊಂಡು ಬಂದ ಮಾತು ಯಾವುದೂ ಉಳಿದಿರಲಿಲ್ಲ.

"ಪುಟ್ಟೀ, ಕೆಡಿಸಿದ್ದು ನಾನು. ಬೈದಿದ್ದು ನಿನ್ನ. ನೀನು ಮೇಲೆ ಅಳ್ತಿದ್ದಾಗ ನಾನು ಕೆಳಗೆ ನಗ್ತಿದ್ದೆ. ತಪ್ಪಾಯ್ತು ಕಣೇ."

ಪುಟ್ಟಿ ಸೆರಗೋ ತೋಳೋ ಕೈಗೆ ಸಿಕ್ಕಿದ್ದರಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ, "ಇನ್ನೂ ಹತ್ತು ಇವೆ," ಎಂದಳು.

"ಹೇಳು. ಒಂದೊಂದೂ ಹೇಳು, ಕೇಳ್ತೀನಿ."

"ಅದೇನೋ ಒಳಗೆ ಬಂದು ಹೇಳ್ಕೊಳ್ಳಿ," ಎಂದಳು ನರ್ಸಮ್ಮ, ಬಟ್ಟೆಯ ಕಂತೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸುತ್ತ. "ಟೀ ಇಡ್ತೀನಿ."

ಅವರು ಒಳಗೆ ಹೋಗಿ ಕೂತರು. ಪುಟ್ಟಿ ವಕೀಲರ ಕಾಲರಿನಿಂದ ಶುರುಮಾಡಿದಳು.